ಒಂದೇ ಮನೆ, ಮೂರು ನೋವು: ಸ್ಟಿರಾಯ್ಡ್ ಇಂಜೆಕ್ಷನ್ ಯಾವಾಗ ಹೌದು, ಯಾವಾಗ ಬೇಡ?



ಈ ವಾರ ಬೆಳೆ ಬಿಟ್ಟು ಬೆಳೆಗಾರನ ವಿಷಯ. ಕೊಳೆರೋಗ, ಬೇರುಹುಳ, ಗೊಬ್ಬರದ ಲೆಕ್ಕ ಅಂತ ಫೋನ್ ಮಾಡುವವರು ಫೋನ್ ಇಡುವ ಮೊದಲು ಇನ್ನೊಂದು ಮಾತು ಸೇರಿಸುತ್ತಾರೆ. "ಅಣ್ಣಾ, ಮೊಣಕೈ ಹಿಡ್ಕೊಂಡಿದೆ. ಡಾಕ್ಟ್ರು ಸ್ಟಿರಾಯ್ಡ್ ಇಂಜೆಕ್ಷನ್ ಕೊಡ್ತೀನಿ ಅಂದ್ರು. ತಗೊಳ್ಲಾ, ಬೇಡ್ವಾ?" ಕೇಳುವವರು ಮುದುಕರಲ್ಲ. ಇಪ್ಪತ್ತೈದು, ಮೂವತ್ತರ ಹುಡುಗರು. ವೀಡ್ ಕಟರ್ ಹಿಡಿದವರು, ದೋಟಿ ಎತ್ತುವವರು, ದ್ರಾಕ್ಷಿ ಚಾಟ್ನಿ ಮಾಡುವವರು, ದಿನಕ್ಕೆ ನಾಲ್ಕು ಎಮ್ಮೆ ಹಿಂಡುವವರು.

ಮೊದಲೇ ಹೇಳಿಬಿಡುತ್ತೇನೆ: ನಾನು ಓದಿದ್ದು ತೋಟಗಾರಿಕೆ, ವೈದ್ಯಕೀಯವಲ್ಲ. ಯಾರಿಗೂ "ತಗೋ" ಅಂತಲೋ "ಬೇಡ" ಅಂತಲೋ ಹೇಳುವ ಅಧಿಕಾರ ನನಗಿಲ್ಲ. ಆದರೆ ಕಳೆದ ಎರಡು ವರ್ಷದಲ್ಲಿ ನಮ್ಮ ಮನೆಯಲ್ಲೇ ಮೂರು ಜನಕ್ಕೆ ಈ ಪ್ರಶ್ನೆ ಬಂತು. ಅಪ್ಪನ ಮಂಡಿ, ಅತ್ತಿಗೆಯ ಹೆಬ್ಬೆರಳು, ನನ್ನ ಮೊಣಕೈ. ಮೂವರದೂ ಬೇರೆ ಬೇರೆ ನಿರ್ಧಾರ. ಯಾಕೆ ಬೇರೆ ಅನ್ನೋದು ಅರ್ಥವಾದರೆ ನಿಮ್ಮ ಡಾಕ್ಟರ ಮುಂದೆ ಕೂತಾಗ ಏನು ಕೇಳಬೇಕು ಅನ್ನೋದೂ ಗೊತ್ತಾಗುತ್ತದೆ.

ಇದು ಯಾವ ಸ್ಟಿರಾಯ್ಡ್?

ಜಿಮ್‌ನಲ್ಲಿ ಮೈ ಬೆಳೆಸೋಕೆ ಕೆಲವರು ತಗೊಳ್ಳುವ ಸ್ಟಿರಾಯ್ಡ್ ಬೇರೆ, ಇದು ಬೇರೆ. ನೋವಿಗೆ ಕೊಡುವುದು ಕಾರ್ಟಿಕೋಸ್ಟಿರಾಯ್ಡ್. ನಮ್ಮ ಮೂತ್ರಪಿಂಡದ ಮೇಲೆ ಟೋಪಿಯ ಹಾಗೆ ಕೂತಿರುವ ಅಡ್ರಿನಲ್ ಗ್ರಂಥಿ ದಿನಾ ತಯಾರಿಸುವ ಕಾರ್ಟಿಸಾಲ್‌ಗೆ ಹತ್ತಿರದ ಸಂಬಂಧಿ. ಚೀಟಿಯಲ್ಲಿ ಟ್ರಯಾಮ್ಸಿನೋಲೋನ್, ಮೀಥೈಲ್‌ಪ್ರೆಡ್ನಿಸೋಲೋನ್ ಅಂತ ಹೆಸರು ಕಂಡರೆ ಅದು ಇದೇ.

1948ರಲ್ಲಿ ಅಮೆರಿಕದ ಮೇಯೋ ಕ್ಲಿನಿಕ್‌ನಲ್ಲಿ ಫಿಲಿಪ್ ಹೆಂಚ್ ಅವರ ತಂಡ ಕೀಲುವಾತದ ರೋಗಿಯೊಬ್ಬರಿಗೆ ಮೊದಲ ಸಲ ಕಾರ್ಟಿಸೋನ್ ಕೊಟ್ಟಿತು. ಏಳಲು ಆಗದಿದ್ದವರು ಕೆಲವೇ ದಿನದಲ್ಲಿ ಓಡಾಡಿದರು. 1950ರಲ್ಲಿ ಹೆಂಚ್, ಕೆಂಡಾಲ್, ರೈಶ್‌ಸ್ಟೈನ್ ಮೂವರಿಗೂ ನೊಬೆಲ್ ಬಂತು. ಆದರೆ ದಿನಾ ಕೊಡುತ್ತಾ ಹೋದಾಗ ಅಡ್ಡಪರಿಣಾಮಗಳು ಒಂದೊಂದಾಗಿ ಎದ್ದವು. ಇಡೀ ಮೈಗೆ ಕೊಡುವ ಬದಲು ನೋವಿರುವ ಜಾಗಕ್ಕೇ ಸ್ವಲ್ಪ ಕೊಡೋಣ ಅನ್ನುವ ದಾರಿ ಆಮೇಲೆ ಬಂತು. ಇವತ್ತಿನ ಕೀಲು ಇಂಜೆಕ್ಷನ್ ಆ ದಾರಿಯದು.

ಇದು ಮಾಡುವ ಕೆಲಸ ಒಂದೇ: ಉರಿಯೂತ ಇಳಿಸುವುದು. ಊತ ಇಳಿದರೆ ನೋವು ಇಳಿಯುತ್ತದೆ. ಸವೆದ ಮೃದ್ವಸ್ಥಿಯನ್ನು ಇದು ಬೆಳೆಸುವುದಿಲ್ಲ, ಹರಿದ ಸ್ನಾಯುರಜ್ಜುವನ್ನು ಹೊಲಿಯುವುದಿಲ್ಲ. ತೋಟದಲ್ಲಿ ನೀರು ನಿಂತು ಅಡಿಕೆ ಸೋಗೆ ಹಳದಿಯಾಗಿದೆ ಅಂದುಕೊಳ್ಳಿ. ಎಲೆಗೆ ಪೋಷಕಾಂಶ ಸಿಂಪಡಿಸಿದರೆ ಸ್ವಲ್ಪ ದಿನ ಹಸಿರಾಗಿ ಕಾಣಬಹುದು. ಬಸಿಗಾಲುವೆ ತೆಗೆಯದೆ ಬೇರು ಉಳಿಯೋದಿಲ್ಲ. ಇಂಜೆಕ್ಷನ್ ಕೊಡುವುದು ಬಸಿಗಾಲುವೆ ತೆಗೆಯೋಕೆ ಬೇಕಾದ ಸಮಯವನ್ನು. ಆ ಸಮಯದಲ್ಲಿ ನೀವು ಏನು ಮಾಡ್ತೀರಿ ಅನ್ನೋದರ ಮೇಲೆ ಉಳಿದದ್ದು ನಿಂತಿದೆ.

ಅತ್ತಿಗೆಯ ಹೆಬ್ಬೆರಳು: ತಗೊಂಡದ್ದು

ಅತ್ತಿಗೆಗೆ ಹಾಲು ಹಿಂಡುವಾಗ ಹೆಬ್ಬೆರಳಿನ ಬುಡದಿಂದ ಮಣಿಕಟ್ಟಿನವರೆಗೆ ಚಳಕು. ಕೊನೆಗೆ ಪಾತ್ರೆ ಎತ್ತೋಕೂ ಆಗಲಿಲ್ಲ. ಹೆಬ್ಬೆರಳನ್ನು ಮುಷ್ಟಿಯೊಳಗೆ ಮಡಚಿ ಮಣಿಕಟ್ಟನ್ನು ಕಿರುಬೆರಳಿನ ಕಡೆ ಬಗ್ಗಿಸಲು ಡಾಕ್ಟರು ಹೇಳಿದರು. ಅವರು ಅಲ್ಲೇ ಚೀರಿದರು. ಇದಕ್ಕೆ ಡಿ ಕರ್ವೇನ್ ಅಂತ ಹೆಸರು. ಹೆಬ್ಬೆರಳಿನ ಸ್ನಾಯುರಜ್ಜು ಹಾದುಹೋಗುವ ಕೊಳವೆ ದಪ್ಪವಾಗಿ ಬಿಗಿಯಾಗುವುದು. ಕೈಕೂಸು ಇರುವ ತಾಯಂದಿರಿಗೂ ಇದು ಜಾಸ್ತಿ.

ಇಂಜೆಕ್ಷನ್ ಚೆನ್ನಾಗಿ ಕೆಲಸ ಮಾಡುವ ಜಾಗಗಳಲ್ಲಿ ಇದೂ ಒಂದು. ಅನೇಕರಿಗೆ ಒಂದೋ ಎರಡೋ ಸಲಕ್ಕೆ ಶಸ್ತ್ರಚಿಕಿತ್ಸೆಯೇ ಬೇಡವಾಗುತ್ತದೆ. ಬೆರಳು ಮಡಚಿದರೆ ಸಿಕ್ಕಿಹಾಕಿಕೊಂಡು 'ಟಕ್' ಅಂತ ಬಿಡಿಸಿಕೊಳ್ಳುವ ಟ್ರಿಗರ್ ಫಿಂಗರ್‌ಗೂ ಇದೇ ಮಾತು. ಶುಗರ್ ಇರುವವರಿಗೆ ಮಾತ್ರ ಗುಣ ಸ್ವಲ್ಪ ಕಡಿಮೆ.

ಅತ್ತಿಗೆ ಮೊದಲು ಮೂರು ವಾರ ಹೆಬ್ಬೆರಳಿಗೆ ಪಟ್ಟಿ ಕಟ್ಟಿ ನೋಡಿದರು. ಆಗಲಿಲ್ಲ. ಆಮೇಲೆ ಒಂದು ಇಂಜೆಕ್ಷನ್, ಮತ್ತೆ ಪಟ್ಟಿ. ಎರಡು ವಾರ ಹಾಲು ಹಿಂಡುವ ಕೆಲಸ ಅಣ್ಣನ ಪಾಲಿಗೆ. ನೋವು ಹೋಯಿತು, ತಿರುಗಿ ಬಂದಿಲ್ಲ. ಚುಚ್ಚಿದ ಜಾಗದಲ್ಲಿ ಕಾಳುಮೆಣಸಿನಷ್ಟು ಚರ್ಮ ಬಿಳಿಚಿಕೊಂಡಿತು. ನಮ್ಮ ಬಣ್ಣದ ಚರ್ಮದಲ್ಲಿ ಇದು ಎದ್ದು ಕಾಣುತ್ತದೆ. ಸಾಮಾನ್ಯವಾಗಿ ನಿಧಾನಕ್ಕೆ ಬಣ್ಣ ತಿರುಗುತ್ತದೆ, ಕೆಲವರಿಗೆ ಉಳಿದೂಬಿಡಬಹುದು. ಡಾಕ್ಟರು ಇದನ್ನು ಮೊದಲೇ ಹೇಳಿದ್ದರಿಂದ ಅತ್ತಿಗೆ ಹೆದರಲಿಲ್ಲ.

ಅಪ್ಪನ ಮಂಡಿ: ಒಂದು ಸಲ ಹೌದು, ಎರಡನೇ ಸಲ ಬೇಡ

ಅಪ್ಪನಿಗೆ ಅರವತ್ತೈದು. ಇಳಿಜಾರಿನ ತೋಟ ಹತ್ತಿ ಇಳಿದ ಮಂಡಿ. ಎಕ್ಸ್-ರೇ ನೋಡಿ ಸವೆತ ಅಂದರು. ಮಂಡಿ ಊದಿಕೊಂಡು ಪಾಯಿಖಾನೆಗೆ ಹೋಗೋದೂ ಕಷ್ಟವಾದಾಗ ಒಂದು ಇಂಜೆಕ್ಷನ್ ಕೊಡಿಸಿದೆವು.

ಮಂಡಿ ಸವೆತದಲ್ಲಿ ಇಂಜೆಕ್ಷನ್ ಕೊಡುವ ಆರಾಮ ಕೆಲವು ವಾರದ್ದು, ಒಬ್ಬೊಬ್ಬರಿಗೆ ಎರಡು ಮೂರು ತಿಂಗಳದ್ದು. ಮತ್ತೆ ಮತ್ತೆ ತಗೊಂಡರೆ ಏನಾಗುತ್ತದೆ ಅಂತ ಅಮೆರಿಕದಲ್ಲಿ ಒಂದು ಅಧ್ಯಯನ ನಡೆದಿದೆ. 140 ಜನರನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ 12 ವಾರಕ್ಕೊಮ್ಮೆ ಎರಡು ವರ್ಷ ಸ್ಟಿರಾಯ್ಡ್, ಇನ್ನೊಂದಕ್ಕೆ ಬರೀ ಉಪ್ಪುನೀರಿನ ಸಲೈನ್. 2017ರಲ್ಲಿ ಬಂದ ಫಲಿತಾಂಶ: ಎರಡು ವರ್ಷದ ಕೊನೆಗೆ ನೋವಿನಲ್ಲಿ ಹೇಳಿಕೊಳ್ಳುವ ವ್ಯತ್ಯಾಸ ಇಲ್ಲ, ಸ್ಟಿರಾಯ್ಡ್ ಗುಂಪಿನವರ ಮೃದ್ವಸ್ಥಿ ಮಾತ್ರ ಹೆಚ್ಚು ಸವೆದಿತ್ತು. 2020ರಲ್ಲಿ ಬಂದ ಇನ್ನೊಂದು ಅಧ್ಯಯನದಲ್ಲಿ 156 ಜನ. ಅರ್ಧ ಜನಕ್ಕೆ ಇಂಜೆಕ್ಷನ್, ಅರ್ಧ ಜನಕ್ಕೆ ಫಿಸಿಯೋಥೆರಪಿ. ಇಬ್ಬರಿಗೂ ಗುಣ ಕಂಡಿತು, ಆದರೆ ಒಂದು ವರ್ಷದ ಹೊತ್ತಿಗೆ ಫಿಸಿಯೋಥೆರಪಿಯವರು ಮುಂದಿದ್ದರು.

ಅಪ್ಪನಿಗೆ ಇಂಜೆಕ್ಷನ್ ಆದ ಮೇಲೆ ಸುಮಾರು ಎರಡು ತಿಂಗಳು ಆರಾಮ. ಆ ಎರಡು ತಿಂಗಳು ಅವರನ್ನು ಕುರ್ಚಿ ಮೇಲೆ ಕೂರಿಸಿ ಕಾಲು ನೇರ ಎತ್ತುವ ತೊಡೆಯ ವ್ಯಾಯಾಮ ಮಾಡಿಸಿದ್ದು ನಮ್ಮ ತಂಗಿ. ಊತ ಇರುವಾಗ ಅದು ಸಾಧ್ಯವೇ ಇರಲಿಲ್ಲ. ಮೂರನೇ ತಿಂಗಳು ಅಪ್ಪ, "ಇನ್ನೊಂದು ಹಾಕಿಸ್ಬಿಡೋ ತಮ್ಮಾ" ಅಂದರು. ಡಾಕ್ಟರು ನೋಡಿ, "ಒಂದೇ ಕೀಲಿಗೆ ಮೂರು ತಿಂಗಳ ಒಳಗೆ ಮತ್ತೆ ಕೊಡೋದಿಲ್ಲ, ವರ್ಷಕ್ಕೆ ಮೂರ್ನಾಲ್ಕಕ್ಕಿಂತ ಹೆಚ್ಚಂತೂ ಇಲ್ಲವೇ ಇಲ್ಲ. ನಿಮಗೆ ಈಗ ಊತವೂ ಇಲ್ಲ" ಅಂದರು. ಇನ್ನೊಂದು ಮಾತೂ ಹೇಳಿದರು: ಮಂಡಿ ಬದಲಾಯಿಸುವ ಆಪರೇಷನ್ ಯೋಚನೆ ಇದ್ದರೆ ಅದರ ಹಿಂದಿನ ಮೂರು ತಿಂಗಳು ಆ ಮಂಡಿಗೆ ಇಂಜೆಕ್ಷನ್ ಬೇಡ, ಸೋಂಕಿನ ಅಪಾಯ ಹೆಚ್ಚುತ್ತದೆ. ಅಪ್ಪ ಈಗ ಕೋಲು ಹಿಡಿದು, ವ್ಯಾಯಾಮ ಮಾಡಿಕೊಂಡು, ಮೇಲಿನ ತೋಟ ನನಗೆ ಬಿಟ್ಟು ಕೆಳಗಿನದನ್ನು ನೋಡಿಕೊಳ್ಳುತ್ತಾರೆ.

ನನ್ನ ಮೊಣಕೈ: ತಗೊಳ್ಳದೆ ಇದ್ದದ್ದು

ಎರಡು ವಾರ ವೀಡ್ ಕಟರ್, ಅದರ ಬೆನ್ನಿಗೇ ಕಾಳುಮೆಣಸಿನ ನೆರಳು ಸವರುವ ಕೆಲಸ. ಬಲಗೈ ಮೊಣಕೈಯ ಹೊರಬದಿಯಲ್ಲಿ ನೋವು. ಚೊಂಬು ಎತ್ತಿದರೂ ಮಿಂಚು ಹೊಡೆದ ಹಾಗೆ. ಟೆನಿಸ್ ಎಲ್ಬೋ ಅಂದರು. ಟೆನಿಸ್ ಬ್ಯಾಟು ಮುಟ್ಟಿದವನಲ್ಲ ನಾನು. ಹಿಡಿತ ಬಿಗಿದು ಮಣಿಕಟ್ಟು ತಿರುಗಿಸುವ ಯಾರಿಗಾದರೂ ಬರುತ್ತದೆ.

ಕೊನೆ ಕೊಯ್ಲಿಗೆ ಇಪ್ಪತ್ತು ದಿನ ಬಾಕಿ. ಇಂಜೆಕ್ಷನ್ ಹಾಕಿಸಿದರೆ ಆರು ವಾರ ಗ್ಯಾರಂಟಿ ಆರಾಮ ಅಂತ ಎಲ್ಲರೂ ಹೇಳೋರು. ಅದು ಸುಳ್ಳೂ ಅಲ್ಲ, ಮೊದಲ ಕೆಲವು ವಾರ ಇಂಜೆಕ್ಷನ್‌ನವರೇ ಮುಂದೆ ಇರುತ್ತಾರೆ. ಆದರೆ ಆಸ್ಟ್ರೇಲಿಯಾದಲ್ಲಿ 165 ಜನರ ಮೇಲೆ ನಡೆದು 2013ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ವರ್ಷ ತುಂಬುವುದರೊಳಗೆ ಸ್ಟಿರಾಯ್ಡ್ ತಗೊಂಡವರಲ್ಲಿ ಶೇ. 54 ಜನರಿಗೆ ನೋವು ತಿರುಗಿ ಬಂದಿತ್ತು. ಸುಮ್ಮನೆ ಸಲೈನ್ ಚುಚ್ಚಿಸಿಕೊಂಡವರಲ್ಲಿ ಶೇ. 12 ಮಾತ್ರ.

ಕಾರಣ ಯೋಚಿಸಿದರೆ ತಿಳಿಯುತ್ತದೆ. ಹಳೆಯ ಟೆನಿಸ್ ಎಲ್ಬೋದಲ್ಲಿ ಉರಿಯೂತಕ್ಕಿಂತ ಸ್ನಾಯುರಜ್ಜುವಿನ ನಾರು ಜೀರ್ಣವಾಗಿರುವುದೇ ದೊಡ್ಡ ತೊಂದರೆ. ಸ್ಟಿರಾಯ್ಡ್ ಆ ನಾರಿನ ರಿಪೇರಿಯನ್ನು ನಿಧಾನ ಮಾಡಬಹುದು, ನೋವಿನ ಎಚ್ಚರಿಕೆಯನ್ನೂ ಮುಚ್ಚುತ್ತದೆ. ನೋವಿಲ್ಲದ ಆ ಆರು ವಾರ ನಾನು ಮಾಡುತ್ತಿದ್ದುದು ವಿಶ್ರಾಂತಿಯಲ್ಲ, ವರ್ಷದ ಅತೀ ಭಾರದ ಕೆಲಸ. ದೋಟಿ ಎತ್ತುವುದು, ಕೊನೆ ಹೊರುವುದು.

ಹಾಗಾಗಿ ಬೇಡ ಅಂದೆ. ಬೆಲೆ ಕೊಟ್ಟೆ ಅನ್ನೋದೂ ನಿಜ. ಆ ಸಲ ಕೊಯ್ಲಿಗೆ ಇಬ್ಬರನ್ನು ಹೆಚ್ಚಿಗೆ ಕರೆದೆ, ಕೂಲಿ ಖರ್ಚು ಏರಿತು, ನಾನು ಅಂಗಳದಲ್ಲಿ ಎಡಗೈಯಲ್ಲಿ ಅಡಿಕೆ ಹರವುತ್ತಾ ಇದ್ದೆ. ಪೂರ್ತಿ ಗುಣವಾಗಲು ಐದು ತಿಂಗಳು ಹಿಡಿಯಿತು. ಪಕ್ಕದ ತೋಟದವರು ಇದೇ ನೋವಿಗೆ ಇಂಜೆಕ್ಷನ್ ತಗೊಂಡು ಕೊಯ್ಲು ಮುಗಿಸಿದರು. ಯುಗಾದಿ ಹೊತ್ತಿಗೆ ಅವರಿಗೆ ನೋವು ವಾಪಸ್. ಆದರೂ ಅವರ ನಿರ್ಧಾರವನ್ನು ನಾನು ತಪ್ಪು ಅನ್ನುವುದಿಲ್ಲ. ಕೂಲಿಗೆ ಕೊಡಲು ದುಡ್ಡಿಲ್ಲದೆ, ಮನೆಯಲ್ಲಿ ಬೇರೆ ಗಂಡಾಳಿಲ್ಲದೆ ಇದ್ದರೆ ಲೆಕ್ಕ ಬೇರೆಯೇ ಆಗುತ್ತದೆ. ತಿಳಿದು ತಗೊಂಡರೆ ಅದು ನಿರ್ಧಾರ. ತಿಳಿಯದೆ ತಗೊಂಡರೆ ಅದೃಷ್ಟದಾಟ.

ನನಗೆ ಫಿಸಿಯೋಥೆರಪಿಸ್ಟ್ ಕಲಿಸಿದ ವ್ಯಾಯಾಮ ಹೀಗಿದೆ. ಮುಂಗೈ ಮೇಜಿನ ಮೇಲೆ, ಅಂಗೈ ಕೆಳಮುಖ, ಮಣಿಕಟ್ಟು ಅಂಚಿನಿಂದ ಆಚೆ. ಅರ್ಧ ಲೀಟರ್ ನೀರಿನ ಬಾಟಲಿ ಹಿಡಿದು ಇನ್ನೊಂದು ಕೈಯ ಸಹಾಯದಿಂದ ಮಣಿಕಟ್ಟು ಮೇಲೆತ್ತಿ, ಆಮೇಲೆ ನೋವಿನ ಕೈಯಿಂದಲೇ ನಿಧಾನಕ್ಕೆ, ನಾಲ್ಕು ಎಣಿಸುವಷ್ಟು ಹೊತ್ತು, ಕೆಳಗಿಳಿಸುವುದು. ಹತ್ತು ಹದಿನೈದು ಸಲ, ಮೂರು ಸುತ್ತು. ಸ್ವಲ್ಪ ನೋವು ಸರಿ, ಮರುದಿನ ಹೆಚ್ಚಾದರೆ ಭಾರ ಕಡಿಮೆ ಮಾಡಿ. ನಿಮ್ಮ ನೋವು ಯಾವುದು ಅಂತ ತೋರಿಸಿಕೊಂಡೇ ಶುರು ಮಾಡಿ.

ಉಳಿದ ಜಾಗಗಳು

ಹೆಗಲು ಹಿಡಿದುಕೊಂಡು ಕೈ ಮೇಲೆತ್ತೋಕೆ ಆಗದ ಫ್ರೋಜನ್ ಶೋಲ್ಡರ್‌ಗೆ ಶುರುವಿನಲ್ಲೇ ಇಂಜೆಕ್ಷನ್ ಕೊಟ್ಟು ವ್ಯಾಯಾಮ ಮಾಡಿಸಿದರೆ ಒಳ್ಳೆಯ ಆರಾಮ ಸಿಗುತ್ತದೆ. ಇದು ಶುಗರ್ ಇರುವವರಿಗೇ ಹೆಚ್ಚು ಬರುವ ತೊಂದರೆ, ಹಾಗಾಗಿ ಮೊದಲು ಶುಗರ್ ನೋಡಿಸಿ.

ಹಿಮ್ಮಡಿಯ ಅಡಿಭಾಗದ ನೋವಿಗೆ ಆರಾಮ ಕಡಿಮೆ ದಿನದ್ದು. ಪದೇಪದೇ ಚುಚ್ಚಿಸಿದರೆ ಹಿಮ್ಮಡಿಯ ಕೊಬ್ಬಿನ ಮೆತ್ತೆ ಕರಗುವ, ಪಾದದಡಿಯ ಪಟ್ಟಿ ಹರಿಯುವ ಅಪಾಯವಿದೆ. ಹಿಮ್ಮಡಿ ಹಿಂದಿನ ದಪ್ಪ ಸ್ನಾಯುರಜ್ಜು ಇದೆಯಲ್ಲ, ಅದಕ್ಕೆ ಸ್ಟಿರಾಯ್ಡ್ ಚುಚ್ಚಿದರೆ ಹರಿದುಹೋಗುವ ಭಯ. ಹೆಚ್ಚಿನ ಡಾಕ್ಟರುಗಳು ಅಲ್ಲಿ ಕೊಡುವುದಿಲ್ಲ.

ಸೊಂಟ ನೋವು ನಮ್ಮಲ್ಲಿ ಎಲ್ಲರಿಗೂ. ಬರೀ ಸೊಂಟ ನೋವಿಗೆ ಬೆನ್ನುಹುರಿ ಪಕ್ಕದ ಇಂಜೆಕ್ಷನ್ ಬೇಡ ಅಂತ ಬ್ರಿಟನ್ನಿನ 2016ರ ಮಾರ್ಗಸೂಚಿ ಹೇಳುತ್ತದೆ. ನರ ಒತ್ತಿ ಕಾಲಿಗೆ ಇಳಿಯುವ ತೀವ್ರವಾದ ಹೊಸ ನೋವಿಗೆ ಮಾತ್ರ ಅದನ್ನು ಪರಿಗಣಿಸಬಹುದು. ಅಲ್ಲೂ ಸಿಗುವ ಆರಾಮ ತಾತ್ಕಾಲಿಕ, ಅಪರೂಪಕ್ಕೆ ನರಕ್ಕೆ ಗಂಭೀರ ಪೆಟ್ಟು ಬಿದ್ದದ್ದೂ ಇದೆ. ಇದನ್ನು ಪರಿಣತರು, ಯಂತ್ರದಲ್ಲಿ ನೋಡಿಕೊಂಡೇ ಕೊಡಬೇಕು. ಸೊಂಟ ನೋವಿನ ಜೊತೆ ಮೂತ್ರ ಕಟ್ಟಿದರೆ, ಗೊತ್ತಿಲ್ಲದೆ ಹೋದರೆ, ತೊಡೆಸಂದಿ ಜೋಮು ಹಿಡಿದರೆ, ಕಾಲಲ್ಲಿ ಶಕ್ತಿ ಇಲ್ಲ ಅನಿಸಿದರೆ ಅವತ್ತೇ ದೊಡ್ಡ ಆಸ್ಪತ್ರೆಗೆ ಹೋಗಿ.

ಹೆಸರಿಲ್ಲದ ಸೂಜಿ, ಹೆಸರಿಲ್ಲದ ಪುಡಿ

ನನಗೆ ನಿಜವಾಗಿ ಭಯ ಇರುವುದು ಇದರ ಬಗ್ಗೆ. ಸಂತೆ ದಿನ ಹೋಗಿ ಸೊಂಟಕ್ಕೊಂದು "ನೋವಿನ ಇಂಜೆಕ್ಷನ್" ಹಾಕಿಸಿಕೊಂಡು ಬರುವ ರೂಢಿ. ಅದರಲ್ಲಿ ಏನಿದೆ ಅಂತ ಹೇಳಿದವರೂ ಇಲ್ಲ, ಕೇಳಿದವರೂ ಇಲ್ಲ. ಡೆಕ್ಸಾಮೆಥಾಸೋನ್ ಅಂತ ಅಗ್ಗದ ಸ್ಟಿರಾಯ್ಡ್ ಇದೆ. ಕೊಟ್ಟ ಕೂಡಲೇ ಮೈ ಹಗುರ, ಹಸಿವು, ಹುರುಪು. ಕೀಲಿಗೆ ಕೊಡುವುದು ಬಹುಪಾಲು ಅಲ್ಲೇ ಕೆಲಸ ಮಾಡುತ್ತದೆ, ಸೊಂಟಕ್ಕೆ ಕೊಡುವುದು ಇಡೀ ಮೈಗೆ ಹೋಗುತ್ತದೆ.

ಪದೇಪದೇ ಹೋದರೆ ಮುಖ ಊದುತ್ತದೆ, ಬಿಪಿ ಶುಗರ್ ಏರುತ್ತವೆ, ಮೂಳೆ ಟೊಳ್ಳಾಗುತ್ತದೆ, ಚರ್ಮ ತೆಳುವಾಗುತ್ತದೆ, ಸೋಂಕು ಬೇಗ ತಗಲುತ್ತದೆ. ತೊಡೆಮೂಳೆಯ ತಲೆಗೆ ರಕ್ತ ನಿಂತು ಸಣ್ಣ ವಯಸ್ಸಲ್ಲೇ ಸೊಂಟದ ಕೀಲು ಬದಲಾಯಿಸುವ ಸ್ಥಿತಿಯೂ ಬರಬಹುದು. ಹೊರಗಿನಿಂದ ಬಂದು ಬಂದು ಮೈಯ ಸ್ವಂತ ಕಾರ್ಟಿಸಾಲ್ ಉತ್ಪಾದನೆ ಮಲಗಿಬಿಡುತ್ತದೆ. ಹಾಗಾಗಿ ಬಹಳ ಕಾಲದಿಂದ ತಗೊಳ್ಳುತ್ತಿರುವವರು ಏಕಾಏಕಿ ನಿಲ್ಲಿಸುವುದೂ ಪ್ರಾಣಾಪಾಯ. ಡಾಕ್ಟರಿಗೆ ಎಲ್ಲ ಹೇಳಿ, ಅವರು ಹೇಳಿದ ಹಾಗೆ ಇಳಿಸಬೇಕು.

ಬಸ್‌ಸ್ಟ್ಯಾಂಡ್ ಹತ್ತಿರ ಸಿಗುವ, ಲೇಬಲ್ ಇಲ್ಲದ "ನೈಸರ್ಗಿಕ ಸಂಧಿವಾತದ ಪುಡಿ"ಗಳಲ್ಲೂ ಸ್ಟಿರಾಯ್ಡ್ ಬೆರೆಸಿದ್ದು ಪತ್ತೆಯಾಗಿದೆ. ಎರಡೇ ದಿನದಲ್ಲಿ ಪವಾಡ ಆದರೆ ಅನುಮಾನ ಪಡಿ. ಸಾವಯವ ಗೊಬ್ಬರದ ಚೀಲದ ಮೇಲೆ ಏನು ಬರೆದಿದೆ ಅಂತ ಓದುವ ನಾವು, ಹೊಟ್ಟೆಗೆ ಹೋಗುವುದನ್ನು ಓದದೆ ನುಂಗಬಾರದು. "ನೀನು ಸಾವಯವದವ, ಇಂಜೆಕ್ಷನ್ ಪರ ಮಾತಾಡ್ತೀಯಾ?" ಅಂತ ಕೇಳುವವರಿಗೂ ಇದೇ ಉತ್ತರ. ಎಷ್ಟು, ಎಲ್ಲಿಗೆ, ಎಷ್ಟು ಸಲ ಅಂತ ಬರೆದುಕೊಟ್ಟ ಔಷಧಿಗೆ ನನ್ನ ತಕರಾರಿಲ್ಲ. ಬರೆದುಕೊಡದ ಯಾವುದಕ್ಕೂ ನನ್ನ ಒಪ್ಪಿಗೆಯಿಲ್ಲ.

ಡಾಕ್ಟರ ಮುಂದೆ: ಹೇಳುವುದು, ಕೇಳುವುದು

ಇವನ್ನು ಕೇಳದಿದ್ದರೂ ಹೇಳಿ:

- ಶುಗರ್ ಇದೆಯಾ. ಇಂಜೆಕ್ಷನ್ ಆದ ಮೇಲೆ ಕೆಲವು ದಿನ, ಕೆಲವರಿಗೆ ವಾರಕ್ಕೂ ಹೆಚ್ಚು, ಶುಗರ್ ಏರುತ್ತದೆ. ಮನೆಯಲ್ಲೇ ದಿನಾ ನೋಡಿಕೊಳ್ಳಬೇಕು.
- ಬಿಪಿ, ರಕ್ತ ತೆಳು ಮಾಡುವ ಮಾತ್ರೆ, ಔಷಧಿ ಅಲರ್ಜಿ.
- ಈಗ ಜ್ವರ, ಹುಣ್ಣು, ಚರ್ಮದ ಸೋಂಕು ಏನಾದರೂ ಇದೆಯಾ. ಹಿಂದೆ ಕ್ಷಯ ಆಗಿತ್ತಾ.
- ಬಸುರಿಯಾ, ಹಾಲುಣಿಸುತ್ತಿದ್ದೀರಾ.
- ಹಿಂದೆ ಎಲ್ಲೆಲ್ಲಿ, ಎಷ್ಟು ಇಂಜೆಕ್ಷನ್ ಆಗಿದೆ, ಆಪರೇಷನ್ ಯೋಚನೆ ಇದೆಯಾ.

ಇವನ್ನು ಕೇಳಿ:

- ನನ್ನ ನೋವಿಗೆ ಹೆಸರೇನು? ಇದರಲ್ಲಿ ಉರಿಯೂತ ಇದೆಯಾ, ಅಥವಾ ನಾರಿನ ಸವೆತವಾ?
- ಇಂಜೆಕ್ಷನ್ ಇಲ್ಲದೆ ಇದು ತಾನಾಗಿ ಎಷ್ಟು ದಿನದಲ್ಲಿ ಗುಣವಾಗಬಹುದು?
- ಔಷಧಿಯ ಹೆಸರು, ಪ್ರಮಾಣ ಚೀಟಿಯಲ್ಲಿ ಬರೆದುಕೊಡ್ತೀರಾ?
- ಒಟ್ಟು ಎಷ್ಟು ಸಲ? ಮೊದಲ ಸಲ ಕೆಲಸ ಮಾಡದಿದ್ದರೆ ಮುಂದೇನು?
- ಆಮೇಲೆ ಎಷ್ಟು ದಿನ ಭಾರ ಎತ್ತಬಾರದು?

ಚೀಟಿಯ ಫೋಟೋ ಮೊಬೈಲ್‌ನಲ್ಲಿ ತೆಗೆದಿಟ್ಟುಕೊಳ್ಳಿ, ತಾರೀಕು ಮತ್ತು ಯಾವ ಕೀಲು ಅಂತ ಬರೆದು. ಮುಂದಿನ ಡಾಕ್ಟರಿಗೆ ಅದೇ ದಾಖಲೆ. ಜಿಲ್ಲಾ ಆಸ್ಪತ್ರೆಯ ಮೂಳೆ ವಿಭಾಗದಲ್ಲೂ ತೋರಿಸಬಹುದು. ಫಿಸಿಯೋಥೆರಪಿ ಎಲ್ಲಿ ಸಿಗುತ್ತದೆ ಅಂತ ಅಲ್ಲೇ ವಿಚಾರಿಸಿ.

ಸೂಜಿ ಆದ ಮೇಲೆ

ಮೊದಲ ಒಂದೆರಡು ದಿನ ನೋವು ಹೆಚ್ಚಾಗಬಹುದು, ಮುಖ ಬಿಸಿಯಾಗಿ ಕೆಂಪೇರಬಹುದು. ಐಸ್ ಇಟ್ಟರೆ ಸಾಕು. ಆದರೆ ಕೀಲು ಬಿಸಿಯಾಗಿ, ಕೆಂಪಾಗಿ, ಊದಿ, ಜ್ವರ ಬಂದು, ನೋವು ದಿನದಿಂದ ದಿನಕ್ಕೆ ಏರುತ್ತಿದ್ದರೆ ಅದು ಸೋಂಕು ಇರಬಹುದು. ಅಪರೂಪ, ಆದರೆ ತಡಮಾಡಿದರೆ ಕೀಲೇ ಹಾಳಾಗುತ್ತದೆ. "ನಾಳೆ ಹಾಲು ಹಾಕಿ ಬಂದು ನೋಡೋಣ" ಅನ್ನಬೇಡಿ. ಅವತ್ತೇ ಹೋಗಿ.

ಆರಾಮ ಆಯ್ತು ಅಂತ ಮರುದಿನವೇ ಸ್ಪ್ರೇಯರ್ ಬೆನ್ನಿಗೇರಿಸಬೇಡಿ. ಒಂದೆರಡು ದಿನ ಪೂರ್ತಿ ವಿಶ್ರಾಂತಿ, ಡಾಕ್ಟರು ಹೇಳಿದಷ್ಟು ವಾರ ಭಾರದ ಕೆಲಸಕ್ಕೆ ರಜೆ. ಮತ್ತು ನೋವು ತಂದ ಕೆಲಸವನ್ನು ಬದಲಾಯಿಸಿ. ಕತ್ತರಿಯ ಹಿಡಿಕೆಗೆ ಹಳೇ ಸೈಕಲ್ ಟ್ಯೂಬ್ ಸುತ್ತಿ ದಪ್ಪ ಮಾಡಿ. ಬಾಯಿ ಹರಿತ ಇಡಿ, ಮೊಂಡ ಕತ್ತರಿ ಅಂದರೆ ಮೊಣಕೈಗೆ ದುಪ್ಪಟ್ಟು ಕೆಲಸ. ವೀಡ್ ಕಟರ್‌ನ ಬೆಲ್ಟನ್ನು ಹೆಗಲಿಗೆ ಸರಿಯಾಗಿ ಹೊಂದಿಸಿ, ಅರ್ಧ ಗಂಟೆಗೊಮ್ಮೆ ಕೆಳಗಿಡಿ. 16 ಲೀಟರ್ ಟ್ಯಾಂಕಿಗೆ 10 ಲೀಟರ್ ತುಂಬಿ ಎರಡು ಸಲ ಹೆಚ್ಚು ಓಡಾಡಿ. ಒಂದೇ ಕೆಲಸವನ್ನು ದಿನವಿಡೀ ಮಾಡದೆ ಬೆಳಿಗ್ಗೆ ಒಂದು, ಮಧ್ಯಾಹ್ನ ಇನ್ನೊಂದು ಅಂತ ಹಂಚಿಕೊಳ್ಳಿ.

ಕೊನೆಗೆ ಒಂದು ಸಣ್ಣ ಲೆಕ್ಕ. ಮುಂದಿನ ಕೊಯ್ಲು ಯಾವ ತಿಂಗಳು ಅಂತ ನಮಗೆಲ್ಲ ಗೊತ್ತು. ಅದಕ್ಕೆ ಮೂರು ತಿಂಗಳು ಮೊದಲೇ ನೋವಿರುವ ಕೀಲನ್ನು ತೋರಿಸಿಕೊಂಡರೆ ವ್ಯಾಯಾಮಕ್ಕೂ, ವಿಶ್ರಾಂತಿಗೂ, ಬೇಕಾದರೆ ಇಂಜೆಕ್ಷನ್‌ಗೂ ಸಮಯ ಇರುತ್ತದೆ. ಕೊಯ್ಲಿನ ಹಿಂದಿನ ವಾರ ಹೋದರೆ ಉಳಿಯೋದು ಸೂಜಿಯ ದಾರಿ ಒಂದೇ. ಬೋರ್ಡೋ ದ್ರಾವಣವನ್ನು ಮಳೆಗೆ ಮೊದಲೇ ಹೊಡೆಯುತ್ತೀರಲ್ಲ, ಇದೂ ಹಾಗೆಯೇ.